ತಲೆಗೆ ವೈರು ಕಟ್ಟುವ ಕೆಲಸ

ತಲೆಗೆ ವೈರು ಕಟ್ಟುವ ಕೆಲಸದಲ್ಲಿದ್ದವನು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ತಾನೇ ಬಂದು ರೋಗಿಗಳ ಸಾಲಿನಲ್ಲಿ ನಿಂತು ತನ್ನ ಪಾಳಿ ಕಾಯುತ್ತಿರುತ್ತದೆ.

ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದ ಹೊಸತರಲ್ಲಿ ಮೂರ್ಛೆ ರೋಗದ ಸಂಶೋಧನೆಗೆ ಒಂದು ತಂಡ ನಮ್ಮ ಕಡೆ ಬಂತು. ತಂಡ ಅಂದರೆ ಮೂರೇ ಜನ. ಮೈಸೂರು ಕಡೆಯ ಡಾಕ್ಟರು, ವ್ಯಾನು ನಡೆಸುವ ಸೇಡಂನ ಡ್ರೈವರ್ ಚಾಚಾ, ಮತ್ತು ಶಹಾಬಾದಿನವನಾದ ನಾನು. ನಮ್ಮ ಜೊತೆಗೆ ಟ್ರಂಕಿನಷ್ಟು ದೊಡ್ಡ ಒಂದು ಪೆಟ್ಟಿಗೆ. ಅದರ ವೈರುಗಳನ್ನು ತಲೆಗೆ ಅಂಟಿಸಿದರೆ ಮಿದುಳಿನ ಕೋಶಗಳಲ್ಲಿ ಹರಿಯುವ ಸಣ್ಣ ಕರೆಂಟನ್ನು ಹಿಡಿದು, ಎಂಟು ಪೆನ್ನುಗಳು ಉದ್ದನೆಯ ಕಾಗದದ ಮೇಲೆ ಗೆರೆ ಎಳೆಯುತ್ತಿದ್ದವು. ಮಿದುಳಿನ ಕೋಶಗಳು ಸಕ್ಕರೆ ತಿಂದು ಶಕ್ತಿ ಮಾಡಿಕೊಳ್ಳುತ್ತವೆ. ಆ ಶಕ್ತಿಗೂ ಮೂರ್ಛೆಗೂ ಏನು ಸಂಬಂಧ ಅನ್ನುವುದು ಡಾಕ್ಟರ ತಲೆ ತಿನ್ನುತ್ತಿದ್ದ ಪ್ರಶ್ನೆ.

ನನ್ನ ಕೆಲಸ ಮೂರು. ರೋಗಿಯ ತಲೆಯ ಎಣ್ಣೆ ತೊಳೆಸುವುದು, ವೈರು ಅಂಟಿಸುವುದು, ಡಾಕ್ಟರ ಕನ್ನಡವನ್ನು ನಮ್ಮ ಕನ್ನಡಕ್ಕೆ ತಿರುಗಿಸುವುದು. ಎಣ್ಣೆ ತೆಗೆಯುವುದೇ ಸುಲಭ ಇತ್ತು.

ವಾಡಿಯ ಗಾಡಿಗಳು

ವಾಡಿಯಲ್ಲಿ ನಮಗೆ ಸಿಕ್ಕಿದ್ದು ರೈಲು ಹಳಿಗೆ ಹತ್ತಿಕೊಂಡೇ ಇದ್ದ ಒಂದು ಖಾಲಿ ಕೋಣೆ. ಮೊದಲ ರೋಗಿ ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದು ನಿವೃತ್ತನಾದ ಒಬ್ಬ ಅಜ್ಜ. ವೈರು ಕಟ್ಟಿ ಮಲಗಿಸಿದೆವು. ಹತ್ತು ನಿಮಿಷ ಗೆರೆಗಳು ಸಮಾಧಾನದಿಂದ ಓಡಿದವು. ಆಮೇಲೆ ಎಂಟೂ ಪೆನ್ನು ಒಟ್ಟಿಗೆ ಕುಣಿಯತೊಡಗಿದವು.

ಡಾಕ್ಟರು ಕುರ್ಚಿಯಿಂದ ಹಾರಿ ಎದ್ದರು. "ಹಿಡ್ಕೊಳ್ಳಿ, ಹಿಡ್ಕೊಳ್ಳಿ! ದೊಡ್ಡ ಫಿಟ್ಸ್ ಬರ್ತಾ ಇದೆ! ಇಂಥಾದ್ದು ನಾನು ಜನ್ಮದಲ್ಲೇ ನೋಡಿಲ್ಲ!"

ನಾನು ಅಜ್ಜನ ಎರಡೂ ಭುಜ ಗಟ್ಟಿಯಾಗಿ ಹಿಡಿದೆ. ಅಜ್ಜ ಅಲ್ಲಾಡಲೂ ಇಲ್ಲ, ಬೆವರಲೂ ಇಲ್ಲ. ಕಣ್ಣು ಮುಚ್ಚಿಕೊಂಡೇ ಹೇಳಿದ: "ಏನಿಲ್ರಿ, ಗೂಡ್ಸ್ ಬಂತು."

ಹಳಿಯ ಮೇಲೆ ಗಾಡಿ ಓಡಿದರೆ ನೆಲ ನಡುಗಿ, ನೆಲದ ಜೊತೆ ಪೆಟ್ಟಿಗೆ ನಡುಗಿ, ಪೆಟ್ಟಿಗೆಯ ಜೊತೆ ಪೆನ್ನು ನಡುಗುತ್ತಿತ್ತು. ಅಷ್ಟೇ. ಸಂಜೆ ಅಜ್ಜ ಎದ್ದು ಕುಳಿತು ತನ್ನ ಕಾಗದವನ್ನು ಇಷ್ಟಿಷ್ಟೇ ಸರಿಸಿ ನೋಡಿದ. "ಇದು ಗೂಡ್ಸ್. ಇದು ಮೇಲ್ ಗಾಡಿ, ನೋಡ್ರಿ ಹ್ಯಾಂಗ ಜಲ್ದಿ ಹೋಗ್ಯಾದ. ಇದು ಪ್ಯಾಸೆಂಜರ್, ಇಲ್ಲಿ ಬಂದು ನಿಂತದ." ಒಂದೂ ತಪ್ಪಿರಲಿಲ್ಲ. ಡಾಕ್ಟರು ಮುಖ ಸಣ್ಣ ಮಾಡಿಕೊಂಡು ಕುಳಿತಿದ್ದರು.

ಅಜ್ಜ ಅವರಿಗೆ ಸಮಾಧಾನ ಹೇಳಿದ: "ಸಾಹೇಬ್ರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಮಷಿನ್ ಭಾಳ ಛಲೋ ಅದ. ಬರೇ ಅದನ್ನ ನನ್ನ ತಲಿಯಿಂದ ಬಿಚ್ಚಿ ಸ್ಟೇಷನ್‌ದಾಗ ಇಡ್ರಿ. ಗಾಡಿ ಬಂತೋ ಇಲ್ಲೋ ಅಂತ ನಮ್ಮ ಮಾಸ್ತರಿಗಿ ಭಿ ಇಷ್ಟು ಬರೋಬ್ಬರಿ ಗೊತ್ತಾಗಂಗಿಲ್ಲ."

ಚಿತ್ತಾಪುರದ ಬಿಸಿಲು

ಇದರಲ್ಲಿ ತಪ್ಪು ನನ್ನದು. ಚಿತ್ತಾಪುರದಲ್ಲಿ ಶಿಬಿರದ ಹಿಂದಿನ ದಿನ ಡಾಕ್ಟರು ಒಂದು ಭಾಷಣ ಮಾಡುವವರಿದ್ದರು. "ಜೀವಕೋಶ ಅಂದರೆ ಮಂದಿಗೆ ತಿಳಿಯಂಗಿಲ್ರಿ, ಸೆಲ್ ಅನ್ರಿ" ಅಂತ ನಾನೇ ಹೇಳಿಕೊಟ್ಟೆ. ಆ ಕಾಲಕ್ಕೆ ನಮ್ಮ ಕಡೆ ಸೆಲ್ ಅಂದರೆ ಒಂದೇ, ಬ್ಯಾಟರಿಗೆ, ಅಂದರೆ ಟಾರ್ಚಿಗೆ, ಹಾಕುವ ಸೆಲ್. ಅದು ನನಗೆ ಹೊಳೆಯಲೇ ಇಲ್ಲ.

ಡಾಕ್ಟರು ಕೈ ಎತ್ತಿ ಎತ್ತಿ ಹೇಳಿದರು: "ನಿಮ್ಮೆಲ್ಲರ ತಲೆಯೊಳಗೂ ಕೋಟಿಗಟ್ಟಲೆ ಸೆಲ್ ಇವೆ. ಅವುಗಳಲ್ಲಿ ಕರೆಂಟ್ ಇದೆ. ಸೆಲ್‌ಗಳಿಗೆ ಶಕ್ತಿ ಕಡಿಮೆ ಆದರೆ ತಲೆ ಕೆಲಸ ಮಾಡೋದಿಲ್ಲ." ಜನ ತಲೆ ಆಡಿಸಿದರು. ಅಷ್ಟೊಂದು ತಲೆ ಆಡಿದ್ದು ನೋಡಿ ಡಾಕ್ಟರಿಗೂ ಖುಷಿ, ನನಗೂ ಖುಷಿ.

ಮರುದಿನ ನಾವು ಶಾಲೆಯ ಅಂಗಳಕ್ಕೆ ಹೋದಾಗ ಬಿಸಿಲು ನೆತ್ತಿಗೆ ಬಂದಿತ್ತು. ಚಿತ್ತಾಪುರದ ಬಿಸಿಲು ಅಂದರೆ ನಾಯಿ ಕೂಡ ನೆರಳು ಬಿಟ್ಟು ಹೊರಬರುವುದಿಲ್ಲ. ಅಲ್ಲಿ ಸುಮಾರು ಮೂವತ್ತು ಜನ ರುಮಾಲು, ಟೋಪಿ, ಸೆರಗು ತೆಗೆದು ತೊಡೆಯ ಮೇಲಿಟ್ಟುಕೊಂಡು, ಬರಿ ತಲೆಯಲ್ಲಿ, ಸಾಲಾಗಿ ಬಿಸಿಲಿಗೆ ಕುಳಿತಿದ್ದರು. ಪಕ್ಕದಲ್ಲೇ ದೊಡ್ಡ ಬೇವಿನ ಮರದ ನೆರಳು ಖಾಲಿ ಬಿದ್ದಿತ್ತು.

ಡಾಕ್ಟರು ಗಾಬರಿಯಾದರು. "ಅಯ್ಯೋ, ಇಲ್ಲಿ ಯಾಕೆ ಕೂತಿದ್ದೀರಿ? ನೆರಳಿಗೆ ಬನ್ನಿ!"

ಮುಂದೆ ಕುಳಿತಿದ್ದ ರೈತ ಹೇಳಿದ: "ನೀವೇ ಹೇಳಿದ್ರೆಲ್ಲರಿ, ತಲ್ಯಾಗ ಸೆಲ್ ಅವ, ಡೌನ್ ಆದ್ರ ಬ್ಯಾನಿ ಬರ್ತದ ಅಂತ. ನಮ್ಮ ಮನ್ಯಾಗ ಬ್ಯಾಟರಿ ಸೆಲ್ ಡೌನ್ ಆದ್ರ ಬಿಸಲಾಗ ಇಡ್ತೀವ್ರಿ. ಮತ್ತ ಎಂಟು ದಿನ ನಡೀತಾವ."

ಎಲ್ಲರನ್ನೂ ಕೈ ಹಿಡಿದು ಎಬ್ಬಿಸಿ ನೆರಳಿಗೆ ತಂದು ನೀರು ಕುಡಿಸುವಷ್ಟರಲ್ಲಿ ನಮ್ಮದೇ ಸೆಲ್ ಡೌನ್ ಆಗಿದ್ದವು. ಒಬ್ಬ ಮುದುಕ ಮಾತ್ರ ಏಳಲೊಲ್ಲ. ಎಷ್ಟು ಎಳೆದರೂ ಕೈ ಕೊಡವಿಕೊಂಡ.

"ಬಿಡ್ರಿ ನನಗ. ಅವರದೆಲ್ಲಾ ಹೊಸಾ ಸೆಲ್ ರಿ. ನಂದು ಎಂಬತ್ತು ವರ್ಷದ್ದು, ಇನ್ನ ಒಂದು ತಾಸು ಬೇಕಾಗ್ತದ."

ಶಹಾಬಾದಿನ ಸಪಾಟು ಗೆರೆ

ನಮ್ಮೂರಿನ ಪ್ರಸಂಗ ಸಣ್ಣದು. ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗೆ ಪಾಲಿಶ್ ಮಾಡುವ ಒಬ್ಬನಿಗೆ ವೈರು ಕಟ್ಟಿದ್ದೆ. ಅವನ ಹೆಂಡತಿ ಪಕ್ಕದಲ್ಲಿ ಕುಳಿತು, ತವರುಮನೆಗೆ ಯಾವಾಗ ಹೋಗುವುದು ಅಂತ ಅವನಿಗೆ ಕೇಳುತ್ತಲೇ ಇದ್ದಳು. ಕೆಲಸ ಮುಗಿದ ಮೇಲೆ ಕಾಗದ ನೋಡಿ, "ಇಂವ ಏನೇನು ವಿಚಾರ ಮಾಡ್ಯಾನ, ಇದರಾಗ ಬರದದೇನ್ರಿ?" ಅಂದಳು.

"ಇಲ್ಲವ್ವ, ಬರೇ ಕರೆಂಟ್ ಕಾಣಸ್ತದ" ಅಂದೆ.

ಅವಳು ಬೆರಳಿಟ್ಟು ಗೆರೆ ಹಿಡಿದು ಹೋದಳು. ಒಂದು ಕಡೆ ಮೊಳದಷ್ಟು ಉದ್ದ ಏನೂ ಏರಿಳಿತ ಇಲ್ಲ, ಸಪಾಟು. "ಇಲ್ಲ್ಯಾಕ ಏನೂ ಇಲ್ಲ?"

"ಅಲ್ಲಿ ವೈರ್ ಬಿಚ್ಚಿತ್ತು."

"ವೈರ್ ಬಿಚ್ಚಿಲ್ಲ ಬಿಡ್ರಿ," ಅಂದಳು ಗಂಡನ ಕಡೆ ನೋಡುತ್ತ, "ಆಗ ನಾ ಮಾತಾಡ್ಲಿಕತ್ತಿದ್ದೆ. ಮನ್ಯಾಗ ಭಿ ಇವಂದು ಹಿಂಗೇ ಅದ."

ಕುಂಚಾವರಂನಲ್ಲಿ ಗುಂಪುಗುಂಪಾಗಿ ಬಂದವು

ಕುಂಚಾವರಂ ಕಾಡಿನ ಅಂಚಿನ ಒಂದು ಲಂಬಾಣಿ ತಾಂಡಾದಾಚೆಯ ಹಳ್ಳಿ. ಅಲ್ಲಿ ಅರ್ಧ ತೆಲುಗು. ನಮ್ಮಲ್ಲಿ ತೆಲುಗು ಬರುವುದು ಡ್ರೈವರ್ ಚಾಚಾನಿಗೆ ಮಾತ್ರ. ಅವರು ವ್ಯಾನಿಗೆ ನೀರು ತರಲು ಬಾವಿಗೆ ಹೋಗಿದ್ದರು. ನನಗೆ ಬರುವುದು ನಾಲ್ಕೈದು ಶಬ್ದ. ಡಾಕ್ಟರಿಗೆ ತಡೆಯುವ ತಾಳ್ಮೆ ಇಲ್ಲ. ಎದುರಿಗೆ ಬಂದು ಕುಳಿತ ಮುದುಕಿಯನ್ನು ಕನ್ನಡದಲ್ಲೇ ಕೇಳಿದರು, ಫಿಟ್ಸ್ ಈಗಲೂ ಬರುತ್ತವೆಯೇ ಅಂತ.

"ಅಮ್ಮಾ, ಈಗ ಬರ್ತಾವಾ?"

"ಈಗಲಾ?" ಮುದುಕಿ ಕಣ್ಣು ಅಗಲ ಮಾಡಿದಳು. "ಅಬ್ಬೋ, ಶಾನಾ ವಸ್ತಾಯಿ!"

"ಭಾಳ ಬರ್ತಾವಂತರಿ" ಅಂದೆ, ನನಗೆ ಆ ಶಬ್ದ ಗೊತ್ತಿತ್ತು.

ಡಾಕ್ಟರು ಪೆನ್ನು ತೆಗೆದರು. "ಬಂದಾಗ ಏನಾಗುತ್ತೆ?" ಅಂತ ಕೈಸನ್ನೆ ಮಾಡಿದರು. ಮುದುಕಿ ಎರಡೂ ಕೈಯನ್ನು ಮುಖದ ಮುಂದೆ ಪಟಪಟ ಬೀಸಿದಳು. ಆಮೇಲೆ ತನ್ನ ಕೆನ್ನೆಗೆ ತಾನೇ ಫಟ್ ಅಂತ ಹೊಡೆದುಕೊಂಡಳು. ಡಾಕ್ಟರು ಬರೆದರು: ಎರಡೂ ಕೈ ಜೋರಾಗಿ ಅಲುಗುತ್ತವೆ, ಆಮೇಲೆ ಎಡಗೆನ್ನೆ.

"ಯಾವಾಗ ಬರ್ತಾವೆ?"

"ಬೆಲ್ಲಂ ಉಂಟೇ ವಸ್ತಾಯಿ."

"ಬೆಲ್ಲ ಇದ್ದರ ಬರ್ತಾವಂತರಿ."

ಡಾಕ್ಟರು ಆ ಮಾತು ಬರೆದು ಅದರ ಕೆಳಗೆ ಎರಡು ಗೆರೆ ಎಳೆದರು. "ಬೆಲ್ಲ! ಸಕ್ಕರೆ ಅಂಶ! ನಾನು ಹೇಳಿರಲಿಲ್ವಾ? ಮಿದುಳಿನ ಶಕ್ತಿಗೂ ಇದಕ್ಕೂ ಸಂಬಂಧ ಇದ್ದೇ ಇದೆ! ಕೇಳಿ, ಕೇಳಿ, ಮನೇಲಿ ಇನ್ಯಾರಿಗೆ ಬರ್ತವೆ?"

"ಅಂದರಿಕೀ!" ಮುದುಕಿ ಕೈ ಸುತ್ತ ತಿರುಗಿಸಿದಳು. ಎಲ್ಲರಿಗೂ. ಅಷ್ಟಕ್ಕೇ ನಿಲ್ಲಿಸದೆ ಹೊರಗೆ ಕಟ್ಟಿದ್ದ ಎಮ್ಮೆಯ ಕಡೆಗೂ ಬೊಟ್ಟು ಮಾಡಿದಳು. ನನಗೆ ಆಗಲೇ ಸ್ವಲ್ಪ ಅನುಮಾನ ಬಂತು. ಡಾಕ್ಟರಿಗೆ ಬರಲಿಲ್ಲ. "ಪ್ರಾಣಿಗಳಲ್ಲೂ!" ಅಂತ ಪಿಸುಗುಟ್ಟುತ್ತ ನಾಲ್ಕನೇ ಪುಟ ತಿರುವಿದರು.

ಅಷ್ಟರಲ್ಲಿ ಚಾಚಾ ಕೊಡ ಹೊತ್ತು ಬಂದರು. ಮುದುಕಿಯ ಮಾತು ಎರಡು ನಿಮಿಷ ಕೇಳಿದರು. ಕೊಡ ಕೆಳಗಿಟ್ಟು, ವ್ಯಾನಿನ ಗಾಲಿ ಹಿಡಿದುಕೊಂಡು, ಉಸಿರು ಸಿಗದಂತೆ ನಗತೊಡಗಿದರು.

"ಸಾಹೇಬ್, ತೆಲುಗದಾಗ ಈಗ ಅಂದ್ರ ನೊಣ ರಿ, ನೊಣ! ಫಿಟ್ಸ್ ಇದ್ದಾಕಿ ಈಕಿ ಅಲ್ಲ, ಹಿಂದ ಕುಂತಾಳಲ್ಲ, ಈಕಿ ಮಗಳು. ಈ ಮುದುಕಿಗಿ ಗುಳಿಗಿ ಕೊಡಬ್ಯಾಡ್ರಿ. ಒಂದು ಬೀಸಣಿಕಿ ಕೊಡ್ರಿ!"

ಐನಾಪುರದ ಸೊಸೆ

ಐನಾಪುರದಲ್ಲಿ ಒಬ್ಬ ಹುಡುಗಿ ಇದ್ದಳು. ಲಗ್ನವಾಗಿ ವರ್ಷ ತುಂಬುವುದರೊಳಗೆ ಗಂಡನ ಮನೆಯಲ್ಲಿ ಎರಡು ಸಲ ಮೂರ್ಛೆ ಬಂತು. ಮಾವ, "ತಲಿ ಸರಿ ಇಲ್ಲದಾಕಿ ನಮಗ ಬ್ಯಾಡ" ಅಂತ ತವರಿಗೆ ತಂದು ಬಿಟ್ಟು ಹೋಗಿದ್ದ. ಮೊದಲ ಸಲ ನಾವು ನೋಡಿದಾಗ ಅವಳು ತಲೆ ಎತ್ತಿ ಮಾತಾಡಲಿಲ್ಲ. ಡಾಕ್ಟರು ಗುಳಿಗೆ ಕೊಟ್ಟರು. ಅವಳು ಒಂದು ದಿನವೂ ತಪ್ಪಿಸಲಿಲ್ಲ. ಆರು ತಿಂಗಳಲ್ಲಿ ಒಂದು ಸಲವೂ ಮೂರ್ಛೆ ಬರಲಿಲ್ಲ.

ಎರಡನೇ ಸಲ ಹೋದಾಗ ಡಾಕ್ಟರು ಗಂಡನ ಮನೆಯವರನ್ನೂ ಕರೆಸಿದರು. ಮಾವ ದೊಡ್ಡ ರುಮಾಲು ಸುತ್ತಿ, ದವಡೆಯಲ್ಲಿ ಅಡಿಕೆ ಇಟ್ಟುಕೊಂಡು ಬಂದ. ಹಿಂದೆ ಅತ್ತೆ, ಅವಳ ಹಿಂದೆ ಮಗ. ಅವಳ ತವರುಮನೆಯ ಅಂಗಳದಲ್ಲಿ ಎಲ್ಲರ ಮುಂದೆ ಹುಡುಗಿಗೆ ವೈರು ಕಟ್ಟಿದೆ. ಅವಳ ಗೆರೆಗಳು ಬೇಸಿಗೆಯ ಮುಲ್ಲಾಮಾರಿ ಹೊಳೆಯ ಹಾಗೆ ತಣ್ಣಗೆ ಹರಿದವು. ಡಾಕ್ಟರು, "ನೋಡಿ, ಎಷ್ಟು ಚೆನ್ನಾಗಿದೆ" ಅಂದರು.

ಮಾವ ಒಪ್ಪಲಿಲ್ಲ. "ನೀವು ಏನರೇ ಅನ್ರಿ. ನಮ್ಮ ಮನಿತನದಾಗ ಇಂಥಾ ತಲಿ ಯಾರಿಗಿ ಇಲ್ಲ. ನನ್ನ ತಲಿಗಿ ಕಟ್ಟಿ ನೋಡ್ರಿ! ಫೂಟ್‌ಪಟ್ಟಿ ಇಟ್ಟು ಎಳದಂಗ ಸೀದಾ ಬರ್ತದ!"

ಡಾಕ್ಟರು ನನ್ನ ಕಡೆ ನೋಡಿದರು. ನಾನು ಮಾವನ ರುಮಾಲು ಬಿಚ್ಚಿ, ಎಣ್ಣೆ ತೊಳೆದು, ವೈರು ಅಂಟಿಸಿದೆ. ಅಂಟಿಸುವಾಗಲೇ ಅವನು ಪೆಟ್ಟಿಗೆಯ ಕಡೆ ಓರೆಗಣ್ಣಿನಿಂದ ನೋಡುತ್ತಿದ್ದ. ಹೆದರಿಕೆ ಕಾಣಬಾರದು ಅಂತ ಹಲ್ಲು ಗಟ್ಟಿಯಾಗಿ ಕಚ್ಚಿ ಹಿಡಿದ. ಬಾಯಲ್ಲಿ ಅಡಿಕೆ ಇತ್ತಲ್ಲ, ಅದನ್ನೂ ಕಟಕಟ ಕಡಿದ.

ಸ್ವಿಚ್ ಒತ್ತಿದ್ದೇ ತಡ, ಎಂಟು ಪೆನ್ನುಗಳು ಹುಚ್ಚೆದ್ದು ಕುಣಿದವು. ಕಾಗದ ತುಂಬ ಜಾಲಿ ಬೇಲಿ. ಒಂದು ಪೆನ್ನು ಸಿಡಿದು ಡಾಕ್ಟರ ಬಿಳಿ ಅಂಗಿಯ ಮೇಲೆ ಮಸಿ ಚೆಲ್ಲಿತು. ಸುತ್ತ ನಿಂತ ಜನ ಎರಡು ಹೆಜ್ಜೆ ಹಿಂದೆ ಸರಿದರು.

"ಏ... ಏನಾಗ್ಯದ್ರಿ ನನಗ?" ಮಾವನ ದನಿ ಎಳೆಯ ಕರುವಿನದಾಗಿತ್ತು.

ಅತ್ತೆ ಕಾಗದದ ಮೇಲೆ ಬಗ್ಗಿ ನೋಡಿದಳು. "ಯವ್ವಾ! ಮೂವತ್ತು ವರ್ಷದಿಂದ ನಾ ಬಾಯಿಲೆ ಹೇಳ್ಲಿಕತ್ತಿದ್ದೆ. ಇವತ್ತ ಕಾಗದದ ಮ್ಯಾಲ ಬಂತು ನೋಡ್ರಿ."

ಡಾಕ್ಟರು ಮಾವನ ಭುಜದ ಮೇಲೆ ಕೈಯಿಟ್ಟರು. "ಹೆದರಬೇಡಿ ಯಜಮಾನರೇ, ನಿಮಗೆ ರೋಗ ಇಲ್ಲ. ಹಲ್ಲು ಕಚ್ಚಿದ್ದೀರಿ, ದವಡೆಯ ಸ್ನಾಯು ಕುಣಿದು ಪೆನ್ನು ಹಾರಿದೆ. ಆದರೆ ಈ ಕಾಗದ ತೋರಿಸಿ, ನಿಮ್ಮನ್ನ ಮನೆಯಿಂದ ಹೊರಗೆ ಹಾಕಿ ಅಂತ ನಿಮ್ಮ ಹೆಂಡತಿಗೆ ನಾನು ಹೇಳಿದ್ರೆ ಹೇಗೆ?"

"ಹೇಳ್ರಿ, ಹೇಳ್ರಿ" ಅಂದಳು ಅತ್ತೆ.

ಊರೆಲ್ಲ ನಕ್ಕಿತು. ಹುಡುಗಿಯೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅವಳು ನಕ್ಕಿದ್ದು ನಾನು ನೋಡಿದ್ದು ಅದೇ ಮೊದಲು. ಅಲ್ಲಿತನಕ ಕಂಬದ ಹಾಗೆ ನಿಂತಿದ್ದ ಮಗ ಒಳಗೆ ಹೋಗಿ ಹೆಂಡತಿಯ ಟ್ರಂಕು ಎತ್ತಿಕೊಂಡು ಹೊರಗೆ ಬಂದ. "ಅಪ್ಪಾ, ಈಕಿಗಿ ನಾ ಕರಕೊಂಡು ಹೋಗ್ತೀನಿ" ಅಂದ. ಮಾವನ ತಲೆಗೆ ಇನ್ನೂ ವೈರು ಇದ್ದವು. ಇಲ್ಲ ಅನ್ನಲು ಅವನು ಬಾಯಿ ತೆರೆದ. ಪೆನ್ನುಗಳು ಮತ್ತೆ ಹಾರಿದವು. ಅವನು ಗಪ್ಪನೆ ಬಾಯಿ ಮುಚ್ಚಿದ.

ನಾಲ್ಕು ತಿಂಗಳ ಮೇಲೆ ಗುಳಿಗೆ ಕೊಡಲು ಚಿಂಚೋಳಿ ಹತ್ತಿರದ ಅವಳ ಗಂಡನ ಮನೆಗೇ ಹೋದೆವು. ಮಾವನ ಕಾಗದವನ್ನು ಅತ್ತೆ ಬೇಡಿ ಒಯ್ದಿದ್ದಳು. ಅದು ಪಡಸಾಲೆಯ ಗೋಡೆಗೆ, ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಕೊಂಡಿತ್ತು. "ಇವರ ದನಿ ಏರಿತಂದ್ರ ನಾ ಏನೂ ಅನ್ನಂಗಿಲ್ರಿ. ಗ್ವಾಡಿ ಕಡೀಗಿ ಬೊಟ್ಟು ಮಾಡ್ತೀನಿ, ಅಷ್ಟೇ" ಅಂದಳು. ಮಾವ ಕಟ್ಟೆಯ ಮೇಲೆ ನಮಗೆ ಬೆನ್ನು ಮಾಡಿ ಕುಳಿತಿದ್ದ.

ಸೊಸೆ ಚಹಾ ತಂದುಕೊಟ್ಟಳು. ಮುಖ ತುಂಬಿಕೊಂಡಿತ್ತು, ತಲೆ ಎತ್ತಿ ನಿಂತಿದ್ದಳು. ಡಾಕ್ಟರು ನೋಟುಬುಕ್ಕು ತೆರೆದು ಕೇಳಿದರು: "ಹೇಗಿದ್ದೀಯಮ್ಮಾ? ಮತ್ತೆ ಏನಾದರೂ ಬಂದಿತ್ತಾ?"

"ನನಗ ಒಮ್ಮಿ ಭಿ ಬಂದಿಲ್ರಿ, ಭಾಳ ಆರಾಮ ಇದೀನಿ," ಅಂದಳು ಅವಳು. ಆಮೇಲೆ ಗೋಡೆಯ ಕಾಗದ ನೋಡಿ, ಕಟ್ಟೆಯ ಕಡೆ ಕಣ್ಣು ಹಾಯಿಸಿ, ದನಿ ಸಣ್ಣ ಮಾಡಿ ಹೇಳಿದಳು: "ಮಾವಾರಿಗಿ ನಿನ್ನಿ ಎರಡು ಸರ್ತಿ ಬಂದಿತ್ರಿ."