ಧೂಳು ಕಾಪಾಡುವ ನಿಯಮ

ನಮ್ಮ ಮಣ್ಣಿನ ಬೈಕ್ ರೇಸ್ ಟ್ರ್ಯಾಕಿನಲ್ಲಿ ಏಳುವ ಧೂಳಿಗೆ ನಲವತ್ತು ವರ್ಷಗಳಿಂದ ಯಾರು ಗೆದ್ದರೆಂದು ಯಾರೂ ಕಣ್ಣಾರೆ ಕಂಡಿಲ್ಲ. ಟ್ರ್ಯಾಕ್ ಸಮಿತಿಯ ಅಧ್ಯಕ್ಷರ ಮನೆಯವರೇ ಗೆದ್ದರೆಂಬುದಕ್ಕೆ ಮಾತ್ರ ದಾಖಲೆ ಇದೆ. ಮೊದಲ ರೇಸಿನಲ್ಲಿ ಅಧ್ಯಕ್ಷರ ತಂದೆ ಎಲ್ಲರಿಗಿಂತ ಮೊದಲು ಧೂಳಿನಿಂದ ಹೊರಬಂದರು. ಜೊತೆಗೆ ಬೈಕಿರಲಿಲ್ಲ, ಅದು ಬೇರೆ ಮಾತು.

ಇಂಥ ಕಡೆಗೆ ನೀರಿನ ಟ್ಯಾಂಕರ್ ಚಾಲಕನೊಬ್ಬ ವರ್ಗವಾಗಿ ಬಂದ. ನಿವೃತ್ತಿಗೆ ಎಂಟೇ ತಿಂಗಳು. ಟ್ಯಾಂಕರಿನ ನೀರು ಅಧ್ಯಕ್ಷರ ಹೂತೋಟಕ್ಕೆ ಎಂದು ಹೇಳಬೇಕಾದ ಗುಮಾಸ್ತ ರಜೆಯಲ್ಲಿದ್ದ. ಚಾಲಕ ಪಾಪದ ಮನುಷ್ಯ, ರೇಸಿನ ದಿನ ಬೆಳಿಗ್ಗೆ ಟ್ರ್ಯಾಕಿಗೇ ನೀರು ಹಾಕಿಬಿಟ್ಟ.

ಧೂಳು ಏಳಲಿಲ್ಲ. ಎಲ್ಲ ಕಂಡಿತು. ರೇಸಿನಲ್ಲಿ ಓಡಬೇಕಿದ್ದ ಅಧ್ಯಕ್ಷರ ಅಳಿಯ ಕೊನೆಯ ಗೆರೆಯ ಪಕ್ಕ, ಡ್ರಮ್ಮುಗಳ ಹಿಂದೆ, ಮಡಚುವ ಕುರ್ಚಿಯಲ್ಲಿ ಕೂತು, ಡಬ್ಬಿಯಿಂದ ಮಣ್ಣು ತೆಗೆದು ಮದುಮಗಳು ಪೌಡರ್ ಹಚ್ಚಿಕೊಂಡಂತೆ ಕೆನ್ನೆಗೆ ಹಚ್ಚಿಕೊಳ್ಳುತ್ತಿದ್ದ. ಜನ ಮರ್ಯಾದಸ್ಥರು, ಮುಖ ತಿರುಗಿಸಿಕೊಂಡರು.

ಮರುದಿನ ವಿಚಾರಣೆ.

"ನೀರು ಯಾಕಯ್ಯಾ ಹಾಕಿದೆ?" ಎಂದರು ಅಧ್ಯಕ್ಷರು.

"ನೀರು ಹಾಕೋ ಕೆಲಸ ಅಂತ ಆರ್ಡರಲ್ಲಿದೆ ಸಾರ್."

"ಎಲ್ಲಿಗೆ ಹಾಕೋದು ಅಂತ ಇದೆಯಾ?"

ಚಾಲಕ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಇರಲಿಲ್ಲ.

"ಪಿಂಚಣಿ ಬೇಕಾ, ನೀರು ಬೇಕಾ, ಯೋಚನೆ ಮಾಡು" ಎಂದು ಅಧ್ಯಕ್ಷರು ಒಂದು ವಾರ ಕೊಟ್ಟರು.

ಮನೆಯಲ್ಲಿ ಅಷ್ಟೂ ಸಮಯ ಸಿಗಲಿಲ್ಲ. "ಎಂಟು ತಿಂಗಳು ಕಣ್ಣು ಮುಚ್ಕೊಂಡಿರೋಕೆ ಏನಾಗಿತ್ರೀ ನಿಮಗೆ?" ಎಂದಳು ಹೆಂಡತಿ. "ಪಿಂಚಣಿ ಹೋದ್ರೆ ಆ ಟ್ಯಾಂಕರನ್ನೇ ಒಲೆ ಮೇಲಿಟ್ಟು ಬೇಯಿಸಿ ಬಡಿಸ್ತೀನಿ, ತಿನ್ನಿ."

ಚಾಲಕ ಬೆಳಿಗ್ಗೆ ಹೋಗಿ ತಪ್ಪೊಪ್ಪಿಗೆ ಬರೆದುಕೊಟ್ಟ. ಸಂಜೆಗೆ ಗೇಟಿನಲ್ಲಿ ಪ್ರಕಟಣೆ ಬಿತ್ತು:

"ಈ ಟ್ರ್ಯಾಕಿನ ಧೂಳು ನಮ್ಮ ಪರಂಪರೆಯಾಗಿರುತ್ತದೆ. ಅದನ್ನು ನೀರು, ಉಗುಳು ಅಥವಾ ಕಣ್ಣೀರಿನಿಂದ ಒದ್ದೆ ಮಾಡತಕ್ಕದ್ದಲ್ಲ. ಧೂಳು ಸಾಲದೆ ಬಂದಲ್ಲಿ ಟ್ಯಾಂಕರ್ ಚಾಲಕನೇ ಒದಗಿಸತಕ್ಕದ್ದು."

ಮುಂದಿನ ರೇಸಿಗೆ ಆತ ಖಾಲಿ ಟ್ಯಾಂಕರನ್ನು ಎಲ್ಲ ಬೈಕುಗಳ ಮುಂದೆ ಓಡಿಸಿದ. ಹಿಂದಿನ ಬಂಪರಿಗೆ ಪೊರಕೆಗಳನ್ನೂ ಕಟ್ಟಿಕೊಂಡಿದ್ದ. ಅದು ಯಾರೂ ಹೇಳಿದ್ದಲ್ಲ, ಅವನದೇ ಬುದ್ಧಿ. ಎದ್ದ ಧೂಳಿಗೆ ಹಗಲೇ ಕತ್ತಲಾಯಿತು. ದಾರಿ ಕಾಣದೆ ಸುತ್ತಿ ಸುತ್ತಿ, ಕೊನೆಗೆ ಟ್ಯಾಂಕರೇ ಮೊದಲು ಗೆರೆ ದಾಟಿತು. ಅಧ್ಯಕ್ಷರು ಕಣ್ಣುಜ್ಜಿಕೊಂಡು ಅಳಿಯನ ಹೆಸರು ಕೂಗಿದರು. ಮೊದಲು ಚಪ್ಪಾಳೆ ತಟ್ಟಿದವನು ಚಾಲಕ.

ಹೆಂಡತಿ ಕೆಮ್ಮುತ್ತಾ ಟ್ಯಾಂಕರಿನ ಹತ್ತಿರ ಬಂದಳು. "ಯಾರ್ರೀ ಗೆದ್ದಿದ್ದು? ಕಂಡಿತಾ?"

"ಚೆನ್ನಾಗಿ ಕಂಡಿತು ಕಣೇ" ಎಂದ. ಕಣ್ಣು ಇನ್ನೂ ಬಿಟ್ಟಿರಲಿಲ್ಲ.