ಮೈಲೇಜು ನೋಡಿ ಮದುವೆಗೆ ಕರೆದದ್ದು

ಮಗಳ ಮದುವೆಯ ಲಗ್ನಪತ್ರಿಕೆಯನ್ನು ನೆಂಟರ ಮನೆಗಳಿಗೆ ಒಂದೇ ದಿನದಲ್ಲಿ, ಒಂದೇ ಸ್ಕೂಟರಿನಲ್ಲಿ, ಅತಿ ಕಡಿಮೆ ಪೆಟ್ರೋಲಿನಲ್ಲಿ ಹಂಚಿ ಮುಗಿಸಬಹುದು ಎಂದು ನಾನು ನಂಬಿದ್ದೆ. ನಂಬಲು ಕಾರಣವೂ ಇತ್ತು. ನಾನು ಪತ್ರಿಕೆಯವನು. ಮನೆ ಬಾಬುರಾಯನಕೊಪ್ಪಲಿನಲ್ಲಿ. ಶ್ರೀರಂಗಪಟ್ಟಣದಲ್ಲಿ ಕೂತು ಸುತ್ತಲಿನ ತಾಲ್ಲೂಕುಗಳ ಸುದ್ದಿ ಬರೆದು ಕಳಿಸುವುದು ಕೆಲಸ. ಬೆಳಗ್ಗೆ ಪಾಂಡವಪುರದಲ್ಲಿ ಕಬ್ಬಿನ ಗಲಾಟೆ, ಮಧ್ಯಾಹ್ನ ನಾಗಮಂಗಲದಲ್ಲಿ ಸಚಿವರ ಸಭೆ, ಸಂಜೆ ಕೆ.ಆರ್.ಪೇಟೆಯಲ್ಲಿ ಶಂಕುಸ್ಥಾಪನೆ, ಮೂರನ್ನೂ ಮುಗಿಸಿ ಹೊತ್ತಿಗೆ ಸರಿಯಾಗಿ ಸುದ್ದಿ ಕಳಿಸಿದವನಿಗೆ ನಾಲ್ಕು ಮನೆಗೆ ಪತ್ರಿಕೆ ಕೊಡುವುದೂ ಒಂದು ಕೆಲಸವೇ!

ಅಡ್ಡಿ ಇದ್ದದ್ದು ಪೆಟ್ರೋಲಿನದು ಮಾತ್ರ. 'ಇಂಧನ ದರ ಏರಿಕೆ: ಸಾರ್ವಜನಿಕರ ಆಕ್ರೋಶ' ಎಂಬ ತಲೆಬರಹವನ್ನು ನಾನು ಎಷ್ಟು ಸಲ ಬರೆದಿದ್ದೇನೆಂದರೆ, ಮೊಬೈಲಿನಲ್ಲಿ ಮೊದಲ ಅಕ್ಷರ ಒತ್ತಿದರೆ ಸಾಕು, ಉಳಿದದ್ದನ್ನು ಅದೇ ಬರೆದುಕೊಳ್ಳುತ್ತದೆ. ಇಷ್ಟೊಂದು ತೆರಿಗೆ ಯಾಕೆ ಎಂದು ಬೆಂಗಳೂರಿನವರನ್ನು ಕೇಳಿದರೆ ದೆಹಲಿಯ ಕಡೆ ಕೈ ತೋರಿಸುತ್ತಾರೆ. ದೆಹಲಿಯವರನ್ನು ಕೇಳಿದರೆ ಬೆಂಗಳೂರಿನ ಕಡೆ. ನಾನು ಎರಡು ಹೇಳಿಕೆಗಳನ್ನೂ ಪಕ್ಕಪಕ್ಕದಲ್ಲಿ ಹಾಕಿ, ಸಮತೋಲನ ಕಾಪಾಡಿ, ಆಮೇಲೆ ಬಂಕಿಗೆ ಹೋಗಿ ಇಬ್ಬರಿಗೂ ತೆರಿಗೆ ಕಟ್ಟಿ ಬರುತ್ತೇನೆ.

ಆದ್ದರಿಂದ ಈ ಮದುವೆಯಲ್ಲಿ ಸರ್ಕಾರಗಳಿಗೆ ಒಂದು ತೊಟ್ಟೂ ಹೆಚ್ಚು ಕೊಡಬಾರದು ಎಂದು ತೀರ್ಮಾನಿಸಿದೆ. ಹಳೆಯ ಪತ್ರಿಕೆಯ ಅಂಚಿನಲ್ಲಿ ದಾರಿ ಗುರುತು ಹಾಕಿದೆ. ಮನೆಯಿಂದ ಪಾಂಡವಪುರ, ಅಲ್ಲಿ ತಂಗಿ ಮಂಜುಳ. ಅಲ್ಲಿಂದ ನಾಗಮಂಗಲ, ದೊಡ್ಡಪ್ಪ. ಅಲ್ಲಿಂದ ಕೆ.ಆರ್.ಪೇಟೆ, ನನ್ನ ಷಡ್ಡಕನ ಅಂಗಡಿ. ಕೊನೆಗೆ ಅಕ್ಕಿಹೆಬ್ಬಾಳು, ಹೆಂಡತಿಯ ಅಣ್ಣ ಮರೀಗೌಡರು. ಅಲ್ಲಿಂದ ಅಣೆಕಟ್ಟೆಯ ಕಡೆಯಿಂದ ಬಳಸಿ ಮನೆಗೆ. ಒಂದೇ ದುಂಡನೆಯ ಸುತ್ತು. ಹೋದ ದಾರಿಯಲ್ಲೇ ವಾಪಸು ಬರುವ ದಂಡ ಇಲ್ಲ!

ಹೆಂಡತಿ ಸುಶೀಲ ನೋಡಿದಳು. "ಅಲ್ಲಾ ರೀ, ಅಣ್ಣನ ಮನೆ ಕೊನೇಲಿದೆಯಲ್ಲ. ಸೋದರಮಾವನಿಗೆ ಮೊದ್ಲು ಕೊಡ್ದೆ ಯಾರಾದ್ರೂ ಮದ್ವೆ ಕರೀತಾರಾ?"

"ಪತ್ರಿಕೆ ಎಲ್ಲರಿಗೂ ಒಂದೇ ದಿನ ತಲುಪುತ್ತೆ. ಮೊದಲೇನು, ಕೊನೆಯೇನು?"

"ಸರಿ, ನಾನೂ ಬತ್ತೀನಿ. ಕುಂಕುಮ ಇಟ್ಟು ಕರೀಬೇಕಲ್ಲ."

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಸತ್ಯನಿಷ್ಠೆ ಬಿಡಲಿಲ್ಲ. "ಹಿಂದೆ ಇನ್ನೊಬ್ಬರು ಕೂತರೆ ಮೈಲೇಜು ಬೀಳುತ್ತೆ" ಎಂದೆ.

"ಅಂದ್ರೆ? ನಾನು ದಪ್ಪ ಅಂತಲಾ?"

"ಹಾಗಲ್ಲ. ಸಾಮಾನ್ಯವಾಗಿ ಹೇಳಿದೆ."

"ನಿಮ್ ಸ್ಕೂಟರ್ ಮೇಲೆ ನಾನು ಇನ್ಯಾವತ್ತೂ ಕೂರಲ್ಲ" ಎಂದು ಕುಂಕುಮದ ಡಬ್ಬಿಯನ್ನು ಬ್ಯಾಗಿಗೆ ತುರುಕಿ ಒಳಗೆ ಹೋದಳು. ಆ ಕ್ಷಣಕ್ಕೆ ಅದು ಇಂಧನ ಉಳಿತಾಯದ ದೃಷ್ಟಿಯಿಂದ ಒಳ್ಳೆಯ ಬೆಳವಣಿಗೆ ಎಂದೇ ನಾನು ಭಾವಿಸಿದೆ.

ಬೆಳಗ್ಗೆ ಹೊರಟೆ. ನಿಧಾನಕ್ಕೆ ಓಡಿಸಿದರೆ ಪೆಟ್ರೋಲು ಉಳಿಯುತ್ತದೆ ಎಂದು ನಾನೇ ಒಮ್ಮೆ ಬರೆದಿದ್ದೆ. ಹಾಗೇ ಓಡಿಸಿದೆ. ಕಬ್ಬು ತುಂಬಿದ ಟ್ರಾಕ್ಟರೊಂದು ನನ್ನನ್ನು ಹಿಂದೆ ಹಾಕಿತು. ಕಬ್ಬಿನ ಮೇಲೆ ಕೂತಿದ್ದವನು ತಿರುಗಿ ಕೂಗಿದ: "ಗಾಡಿ ಕೆಟ್ಟೋಗದಾ ಸಾಮಿ? ಅಗ್ಗ ಕಟ್ಕೊಳ್ಳದಾ?"

ಪಾಂಡವಪುರದಲ್ಲಿ ಮಂಜುಳನ ಕಣ್ಣು ತುಂಬಿ ಬಂತು. "ಮೊದ್ಲು ನಮ್ಮನೆಗೇ ಬಂದ್ಯೇನಣ್ಣ?" ಎಂದು ಅತ್ತೆಯನ್ನು ಕರೆದು ಹೇಳಿದಳು, ಪಕ್ಕದ ಮನೆಯವರನ್ನು ಕರೆದು ಹೇಳಿದಳು. "ಅತ್ತಿಗೆ ಎಲ್ಲಿ?" ಎಂದಾಗ ನಾನು ಮೈಲೇಜಿನ ವಿಚಾರ ಎತ್ತದೆ ಡಬ್ಬಿ ಮುಂದೆ ಹಿಡಿದು, "ನೀನೇ ಇಟ್ಕೊಳಮ್ಮ" ಎಂದೆ. ನಾಗಮಂಗಲದ ದೊಡ್ಡಮ್ಮ ಡಬ್ಬಿಯನ್ನೂ ನನ್ನನ್ನೂ ನೋಡಿ, "ಏನ್ಲಾ, ಅಂಗಡಿ ಸಾಮಾನು ಕೊಟ್ಟಂಗೆ ಕುಂಕುಮ ಕೊಡ್ತಿದ್ದೀಯ?" ಎಂದರು. ನಕ್ಕು ಪತ್ರಿಕೆ ಚಾಚಿದೆ.

ಈಗ ನನ್ನ ನಿಜವಾದ ಮೂರ್ಖತನ. ಎಲ್ಲಿಗೆ ಹೋದರೂ ಒಂದು ಫೋಟೊ ತೆಗೆದು, ಕೆಳಗೆ ಒಂದು ಸಾಲು ಬರೆದು ಕಳಿಸುವುದು ನನ್ನ ವೃತ್ತಿಯ ಚಾಳಿ. ಪ್ರತಿ ಮನೆಯಲ್ಲೂ ಪತ್ರಿಕೆ ಕೊಡುವ ಫೋಟೊ ತೆಗೆಸಿ, ನೆಂಟರೆಲ್ಲ ಇರುವ ವಾಟ್ಸಾಪ್ ಗುಂಪಿಗೆ ಹಾಕುತ್ತಾ ಹೋದೆ. 'ಪಾಂಡವಪುರ: ಚಿ.ಸೌ. ಚೈತ್ರಾಳ ವಿವಾಹದ ಆಹ್ವಾನ ಪತ್ರಿಕೆಯ ಮೊದಲ ಪ್ರತಿಯನ್ನು ಮಂಜುಳ ಅವರಿಗೆ ನೀಡಲಾಯಿತು.' ಊರಿನ ಹೆಸರು, ಸ್ಪಷ್ಟವಾದ ವಾಕ್ಯ, 'ಮೊದಲ ಪ್ರತಿ' ಎಂಬ ನಿಖರ ಮಾಹಿತಿ! ನನ್ನ ವಿರುದ್ಧದ ಸಾಕ್ಷ್ಯವನ್ನು ನಾನಷ್ಟು ಅಚ್ಚುಕಟ್ಟಾಗಿ ಬೇರೆ ಯಾರೂ ಸಂಗ್ರಹಿಸುತ್ತಿರಲಿಲ್ಲ.

ಅಕ್ಕಿಹೆಬ್ಬಾಳು ತಲುಪಿದಾಗ ಮರೀಗೌಡರು ಜಗುಲಿಯ ಮೇಲೆ ಕೂತು ಮೊಬೈಲು ನೋಡುತ್ತಿದ್ದರು. ಹೊಳೆಯ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತಿತ್ತು. ಅವರು ಅದಕ್ಕಿಂತ ತಣ್ಣಗಿದ್ದರು. ಏಳಲಿಲ್ಲ. "ಬನ್ನಿ" ಎನ್ನಲಿಲ್ಲ. ನಾನು ತಟ್ಟೆಗೆ ಎಲೆ ಅಡಿಕೆ ಇಟ್ಟು ಪತ್ರಿಕೆ ಚಾಚಿದೆ.

"ಅಲ್ಲೇ ಮಡಗಿ" ಎಂದರು.

"ಭಾವ, ಕೈಯಲ್ಲಿ ತಗೊಳ್ಳಿ..."

"ಮೊದ್ಲ ಪ್ರತಿ ಪಾಂಡುಪುರಕ್ಕೆ ಓಯ್ತಲ್ಲ. ನಮ್ದು ಕೊನೇ ಪ್ರತಿ. ನೆಲದ ಮೇಲಿದ್ರೂ ಆಯ್ತದೆ. ಪ್ರಿಂಟು ಸರ್ಯಾಗ್ ಬಂದದಾ, ಇಲ್ಲಾ ಅಳಸೋಗದಾ?"

ವಿಷಯ ಗಂಭೀರವಾಗಿತ್ತು. ನಮ್ಮಲ್ಲಿ ಮದುಮಗಳ ಕೈಹಿಡಿದು ಹಸೆಗೆ ಕರೆತರುವವನು ಸೋದರಮಾವ. ಅವನು ಬರದಿದ್ದರೆ ಛತ್ರ, ಅಡುಗೆ, ಓಲಗ ಎಲ್ಲ ಇದ್ದೂ ಹೆಣ್ಣು ಕೋಣೆಯಲ್ಲೇ ಉಳಿಯುತ್ತದೆ. ಅದೂ ಅಲ್ಲದೆ ಚೈತ್ರ ಸಣ್ಣವಳಿದ್ದಾಗ ಬೇಸಿಗೆಯ ರಜವೆಲ್ಲ ಈ ಮಾವನ ಹೆಗಲ ಮೇಲೆಯೇ ಕಳೆದವಳು.

ನನ್ನ ಬಳಿ ಇದ್ದ ಸಮಜಾಯಿಷಿ ಒಂದೇ. ಅದನ್ನೇ ಹೇಳಿದೆ. "ಭಾವ, ಮರ್ಯಾದೆ ಕಡಿಮೆ ಮಾಡಬೇಕು ಅಂತಲ್ಲ. ಪೆಟ್ರೋಲು! ಈ ರೇಟಿನಲ್ಲಿ ಹಿಂದೆ ಮುಂದೆ ಓಡಾಡೋಕಾಗುತ್ತಾ? ನಾವು ಹಾಕಿಸೋದರಲ್ಲಿ ಎಣ್ಣೆ ಎಷ್ಟು, ತೆರಿಗೆ ಎಷ್ಟು ಗೊತ್ತಾ?" ಎಂದು ಆರಂಭಿಸಿ, ಕೇಂದ್ರದ ಸುಂಕ, ರಾಜ್ಯದ ಮಾರಾಟ ತೆರಿಗೆ, ಕಚ್ಚಾ ತೈಲ ಇಳಿದರೂ ಇಳಿಯದ ದರ, ಒಂದನ್ನೂ ಬಿಡದೆ ನಿಂತಲ್ಲೇ ಒಂದು ಸಂಪಾದಕೀಯ ಹೇಳಿದೆ.

ಫಲ ಸಿಕ್ಕಿತು! ಎದುರು ಮನೆಯವನು ಜಗುಲಿಗೆ ಬಂದ. ದಾರಿಯಲ್ಲಿ ಹಾಲಿನ ಕ್ಯಾನು ಹೊತ್ತು ಹೋಗುತ್ತಿದ್ದವನು ಬೈಕು ನಿಲ್ಲಿಸಿದ.

"ನಿಜ ಕಣಪ್ಪ" ಎಂದ ಹಾಲಿನವನು. "ಡೈರಿಗೆ ಹಾಲು ಆಕಿ ಬರೋದ್ರೊಳಗೆ ಅರ್ದ ಹಾಲು ಬೈಕೇ ಕುಡ್ಕೊಬುಡ್ತದೆ."

"ಟ್ರಾಕ್ಟರ್ ಇಷ್ಟಾರ್ಟ್ ಮಾಡಕ್ಕೆ ಎದ್ರಿಕೆ ಆಯ್ತದೆ" ಎಂದ ಎದುರು ಮನೆಯವನು. "ಅತ್ಲಗೆ ಒಬ್ಬ ಕಿತ್ಕತನೆ, ಇತ್ಲಗೆ ಒಬ್ಬ ಕಿತ್ಕತನೆ. ನಮ್ಮುನ್ನೇನು ಕಳ್ಳೇಕಾಯಿ ಗಿಡ ಅನ್ಕಂಡವ್ರಾ?"

ಮರೀಗೌಡರ ಮುಖವೂ ಸಡಿಲವಾಯಿತು. ಅವರೂ ಮೊಬೈಲು ಕೆಳಗಿಟ್ಟು, ಕಳೆದ ಸಲ ಗದ್ದೆ ಉಳುವಾಗ ಡೀಸೆಲ್ಲಿಗೆ ಸುರಿದ ದುಡ್ಡನ್ನು ನೆನೆದು ಎರಡು ಸರ್ಕಾರಗಳಿಗೂ ಸಮನಾಗಿ ಬೈದರು. ನಿಷ್ಪಕ್ಷಪಾತವಾದ ಬೈಗುಳ, ಅದನ್ನು ಹಾಗೇ ಅಚ್ಚು ಹಾಕುವಂತಿರಲಿಲ್ಲ. ಪತ್ರಿಕೆಯ ಕಡೆ ಅವರ ಕೈ ಅರ್ಧ ಬಂದಿತ್ತು.

ಆಗ ಅಡುಗೆಮನೆಯಿಂದ ಅವರ ಹೆಂಡತಿ ಭಾಗ್ಯಕ್ಕ ಕಾಫಿ ಹಿಡಿದು ಬಂದರು. ಪಾಪ, ಯಾವ ಕೆಟ್ಟ ಉದ್ದೇಶವೂ ಇಲ್ಲದೆ ಕೇಳಿದರು: "ಅಲ್ಲಾ ಅಣ್ಣಯ್ಯ, ಸುತ್ಕೊಂಡು ಬರೋದೇ ಆದ್ರೆ, ಮೊದ್ಲು ಇಲ್ಲಿಗೆ ಬಂದು, ಆಮೇಕೆ ಪ್ಯಾಟೆ, ನಾಗ್ಮಂಗ್ಲ, ಪಾಂಡುಪುರ ಅಂತ ಅಂಗೇ ಓಗಬೌದಿತ್ತಲ್ಲ? ದಾರಿ ಅಷ್ಟೇ ಅಲ್ವಾ?"

ಹಾಲಿನವನು ಗಾಳಿಯಲ್ಲಿ ಬೆರಳಿನಿಂದ ಒಂದು ಸುತ್ತು ಬರೆದ. ಆಮೇಲೆ ಅದನ್ನೇ ತಿರುವುಮುರುವಾಗಿ ಬರೆದ. "ಅಷ್ಟೇಯ" ಎಂದ.

ಅದೇ ಸುತ್ತು! ಅದೇ ಪೆಟ್ರೋಲು! ಉಲ್ಟಾ ಹೊರಟಿದ್ದರೆ ಸಾಕಿತ್ತು. ನಾನು ರಾತ್ರಿಯಿಡೀ ಲೆಕ್ಕ ಹಾಕಿದ್ದೆ, ಅಂಚಿನಲ್ಲಿ ಬಾಣ ಹಾಕಿದ್ದೆ. ಬಾಣದ ಮೂತಿ ಆ ಕಡೆಗೂ ತಿರುಗಬಹುದು ಎಂಬುದು ಮಾತ್ರ ಹೊಳೆದಿರಲಿಲ್ಲ.

ಮರೀಗೌಡರ ಕೈ ಹಿಂದಕ್ಕೆ ಹೋಯಿತು. "ಅಂಗಾದ್ರೆ ಪೆಟ್ರೋಲಲ್ಲ. ಮನ್ಸೇ ಇರ್ನಿಲ್ಲ" ಎಂದರು. "ನೋಡಿ ಭಾವ್ನೋರೆ, ಮಗಿನ ಮೇಲೆ ನಂಗೇನೂ ಕೋಪ ಇಲ್ಲ. ನಮ್ ಸುಶೀಲನ್ನ ಕರ್ಕೊಂಡು ಮೊದ್ಲು ಇಲ್ಲಿಗೆ ಬನ್ನಿ. ಆಮೇಕೆ ದೊಡ್ಡೋರಿಂದ ಚಿಕ್ಕೋರ್ಗಂಟ ಎಲ್ರುಗೂ ಇನ್ನೊಂದಪ ಕೊಡಿ. ಅಂಗಾದ್ರೆ ಬತ್ತೀನಿ. ಇಲ್ದಿದ್ರೆ ಹಸೆಗೆ ನೀವೇ ಕರ್ಕೊಂಡೋಗಿ."

ಮನೆಗೆ ಬಂದು ವರದಿ ಒಪ್ಪಿಸಿದೆ. ಚೈತ್ರ ಅತ್ತಳು. "ಮಾವ ಬರದಿದ್ರೆ ನಾನು ರೂಮಿಂದ ಆಚೆಗೇ ಬರಲ್ಲಪ್ಪ" ಎಂದಳು. ಸುಶೀಲ ಅಳಲಿಲ್ಲ. "ನಾಳೆನೇ ಹೋಗಣ. ಆದ್ರೆ ನಾನು ಸ್ಕೂಟರಲ್ಲಿ ಕೂರಲ್ಲ ಅಂದಿದ್ದೀನಿ. ಮೈಲೇಜು ಬಿದ್ದೋಗುತ್ತೆ. ಕಾರು ಮಾಡಿ."

ಕಾರು ಮಾಡಿದೆ. ಡೀಸೆಲ್ಲು ನಮ್ಮದೇ ಎಂಬ ಷರತ್ತಿನ ಮೇಲೆ.

ಎರಡನೆಯ ಪ್ರವಾಸ ಹಿರಿತನದ ಪ್ರಕಾರ ನಡೆಯಿತು. ನೆಂಟರು ರಸ್ತೆ ನೋಡಿಕೊಂಡು ಹುಟ್ಟುವುದಿಲ್ಲ ಎಂಬುದು ಅಂದು ನನಗೆ ಅರ್ಥವಾಯಿತು. ಮೊದಲು ಅಕ್ಕಿಹೆಬ್ಬಾಳಿಗೆ ಹೋಗಬೇಕು, ಅಣೆಕಟ್ಟೆಯ ಕಡೆಯ ಗುಂಡಿಗಳಿಗೆ ಕಾರು ಇಳಿಸಲ್ಲ ಎಂದು ಚಾಲಕ ಹಟ ಹಿಡಿದ, ಉಳಿದ ದಾರಿಯಲ್ಲಿ ಪಾಂಡವಪುರ ಸಿಗುತ್ತದೆ, ಆದರೆ ತಂಗಿ ಚಿಕ್ಕವಳು, ಇಳಿಯುವಂತಿಲ್ಲ. ಅವಳ ಬೀದಿಯ ತಿರುವು ಬಂದಾಗ ನಾವಿಬ್ಬರೂ ಸೀಟಿನಲ್ಲಿ ಬಗ್ಗಿ ಕುಳಿತೆವು. ಕೆ.ಆರ್.ಪೇಟೆಯಲ್ಲಿ ಇನ್ನೊಮ್ಮೆ ಬಗ್ಗಿದೆವು. ಚಾಲಕ ಕನ್ನಡಿಯಲ್ಲಿ ನೋಡಿ, "ಸಾರ್, ಸಾಲದೋರು ಯಾರಾದ್ರೂ ಅವ್ರಾ?" ಎಂದ.

"ನೆಂಟರು ಕಣಪ್ಪ" ಎಂದೆ.

"ಓ" ಎಂದು ಅವನು ಇನ್ನಷ್ಟು ಜೋರಾಗಿ ಓಡಿಸಿದ.

ಅಕ್ಕಿಹೆಬ್ಬಾಳಿನಲ್ಲಿ ಮರೀಗೌಡರು ಎದ್ದು ನಿಂತು, ಎರಡೂ ಕೈ ಚಾಚಿ, ಪತ್ರಿಕೆಯನ್ನು ಕಣ್ಣಿಗೊತ್ತಿಕೊಂಡರು. ಅಲ್ಲಿಂದ ಎರಡನೆಯ ಹಿರಿಯರಾದ ದೊಡ್ಡಪ್ಪನಿಗಾಗಿ ನಾಗಮಂಗಲಕ್ಕೆ. ನಡುವೆ ಸಿಗುವ ಕೆ.ಆರ್.ಪೇಟೆಯಲ್ಲಿ ಮತ್ತೆ ಬಗ್ಗಿದೆವು, ಆದರೆ ಕಾರು ಸರಿಯಾಗಿ ಷಡ್ಡಕನ ಅಂಗಡಿಯ ಮುಂದೆಯೇ ಎಮ್ಮೆ ಅಡ್ಡ ಬಂದು ನಿಂತಿತು. ಅವನು ಕಿಟಕಿಯ ಗಾಜು ತಟ್ಟಿದ.

"ಏನ್ ಬಿದ್ದೋಯ್ತು ಭಾವ? ಹುಡುಕ್ತಿದ್ದೀರಾ?"

"ಕನ್ನಡಕ" ಎಂದೆ. ಕನ್ನಡಕ ಮೂಗಿನ ಮೇಲೇ ಇತ್ತು.

ಅವನಿಗೆ ನಿಜ ಹೇಳಿ, ನಾಗಮಂಗಲಕ್ಕೆ ಹೋಗಿ ದೊಡ್ಡಪ್ಪನಿಗೆ ಕೊಟ್ಟು, ಷಡ್ಡಕನಿಗಾಗಿ ಕೆ.ಆರ್.ಪೇಟೆಗೆ ವಾಪಸು ಬಂದು, ಕೊನೆಯಲ್ಲಿ ಪಾಂಡವಪುರಕ್ಕೆ ಇಳಿದಾಗ ಕಾರಿನ ಡೀಸೆಲ್ ಮುಳ್ಳು ಕೆಳಗೆ ಮಲಗಿತ್ತು. ನಾನೂ ಹಾಗೇ ಇದ್ದೆ. ಮಂಜುಳ ಬಾಗಿಲಲ್ಲೇ ನಿಂತಿದ್ದಳು.

"ನಿನ್ನೆ ಮೊದ್ಲು ನಮ್ಮನೆ ಅಂತ ಬೀದೀಗೆಲ್ಲಾ ಯೋಳ್ಕಂಡು ಬಂದೆ. ಇವತ್ತು ಕೊನೆಗಾ? ನಮ್ಮತ್ತೆ ನಗ್ತಾವ್ರೆ ಕಣಣ್ಣ" ಎಂದಳು. ಸುಶೀಲ ಅವಳನ್ನು ತಬ್ಬಿ, ನನ್ನ ಕಡೆ ತೋರಿಸಿ, ಕಿವಿಯಲ್ಲಿ ಏನೋ ಹೇಳಿದಳು. ಇಬ್ಬರೂ ನನ್ನನ್ನು ನೋಡಿ ನಕ್ಕರು. ರಾಜಿ ಆಯಿತು. ಏನು ಹೇಳಿದಳೆಂದು ನಾನು ಈವರೆಗೂ ಕೇಳಿಲ್ಲ.

ಮದುವೆಗೆ ಮರೀಗೌಡರು ಮುಂಚಿನ ದಿನವೇ ಬಂದರು. ಮಾರನೆಯ ಬೆಳಗ್ಗೆ ಹೊಸ ಪಂಚೆ ಉಟ್ಟು, ಚೈತ್ರಾಳ ಕೈ ಹಿಡಿದು ಹಸೆಗೆ ಕರೆತಂದರು. ಅವರಿಬ್ಬರ ಮುಖ ನೋಡಿ ಹೋದ ಪೆಟ್ರೋಲು, ಡೀಸೆಲ್ಲು, ಎರಡರ ತೆರಿಗೆ ಎಲ್ಲ ಮರೆತೆ. ನಿಜವಾಗಿಯೂ ಮರೆತೆ.

ಊಟದ ಹೊತ್ತಿನಲ್ಲಿ ಅವರು ಪಂಕ್ತಿಯ ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು: "ಪೆಟ್ರೋಲು ಈ ರೇಟಾಗಿರೋ ಕಾಲ್ದಲ್ಲೂ ನಮ್ ಭಾವ್ನೋರು ನಮ್ಮನೆಗೆ ಎಲ್ಡು ದಪ ಬಂದು ಕರೆದವ್ರೆ ಕಣ್ರಪ್ಪ! ಮರ್ವಾದೆ ಅಂದ್ರೆ ಅದು!"

ಬಡಿಸುತ್ತಿದ್ದ ನನ್ನ ಎದೆ ಉಬ್ಬಿತು. ಉಬ್ಬಿದ್ದು ಅರೆಗಳಿಗೆ. ನನ್ನ ಮುಂದಿನ ಎಲೆಗೆ ಕೂತಿದ್ದ, ದೂರದ ಊರೆಂದು ನಾನು ಫೋನಿನಲ್ಲೇ ಕರೆದಿದ್ದ ಚಿಕ್ಕಪ್ಪ ಕೈಯ ತುತ್ತನ್ನು ಎಲೆಗಿಟ್ಟು ತಲೆ ಎತ್ತಿದರು.

"ಅವ್ರಿಗೆ ಎಲ್ಡು ದಪ. ನಮ್ಗೆ ಫೋನು. ಆಯ್ತು ಬುಡು. ಬೀಗ್ರೂಟಕ್ಕೆ ಕರ್ಯಕ್ಕೆ ಮನೇಗೆ ಬತ್ತೀಯ ತಾನೆ?"

ಪಂಕ್ತಿಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಎಲ್ಲರ ಬಾಯಲ್ಲೂ ಊಟವಿತ್ತು, ಎಲ್ಲರ ಕಣ್ಣಲ್ಲೂ ಅದೇ ಪ್ರಶ್ನೆಯಿತ್ತು.

"ಬರದೆ ಇರ್ತೀನಾ ಚಿಕ್ಕಪ್ಪ!" ಎಂದು ಹಲ್ಲು ಕಿರಿದೆ. ಇಂಧನ ದರ ಏರಿಕೆಗೆ ಆಕ್ರೋಶ ವ್ಯಕ್ತಪಡಿಸುವ ಸಾರ್ವಜನಿಕ ನೋಡಲು ಹೇಗಿರುತ್ತಾನೆ ಎಂದು ಯಾರಿಗಾದರೂ ಕುತೂಹಲವಿದ್ದರೆ, ಮದುವೆಯ ಆಲ್ಬಮ್ಮಿನಲ್ಲಿ ಆ ಫೋಟೊ ಇದೆ. ಕೈಯಲ್ಲಿ ಪಾಯಸದ ಬಕೆಟ್ಟು ಹಿಡಿದು ನಗುತ್ತಿದ್ದಾನೆ.