ಇನ್ನೂರನೆಯ ನಮೂನೆ

ಆ ದಿನದ ಅವಾಂತರಕ್ಕೆಲ್ಲ ಮೂಲ, ಸಮೀಕ್ಷೆಯ ನಮೂನೆಯ ನೆತ್ತಿಯ ಮೇಲೆ ಅಚ್ಚಾಗಿದ್ದ ಒಂದೇ ಒಂದು ಸಾಲು: 'ಪ್ರಶ್ನೆ ಕೇಳುವಾಗ ಉತ್ತರಿಸುವವರ ಬಳಿ ಬೇರೆ ಯಾರೂ ಇರಕೂಡದು.' ಇದನ್ನು ಬರೆದ ಪುಣ್ಯಾತ್ಮರು ಹಿಮಾಯತ್‌ನಗರದ ತಣ್ಣನೆಯ ಕೋಣೆಯಲ್ಲಿ ಕೂತವರು. ಕೂಲಿಯವರ ಓಣಿಯಲ್ಲಿ ಒಬ್ಬ ಮನುಷ್ಯನ ಬಳಿ ಯಾರೂ ಇಲ್ಲದಂಥ ಗಳಿಗೆಯನ್ನು ಭಗವಂತ ಸೃಷ್ಟಿಸಿಯೇ ಇಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿರುವುದು ತಪ್ಪಲ್ಲ. ಆದರೆ ಯಾರಾದರೂ ಹೇಳಿದ ಮೇಲೂ ಗೊತ್ತಿಲ್ಲದಂತೆಯೇ ಉಳಿಯಬೇಕಾದರೆ ಬಹಳ ಓದಿರಬೇಕಾಗುತ್ತದೆ.

ಅದು ಮಾಧಾಪುರದ ಕಡೆ ದಿನಕ್ಕೊಂದು ಗಾಜಿನ ಕಟ್ಟಡ ಮೇಲೇಳುತ್ತಿದ್ದ ಕಾಲ. ಕಂಪ್ಯೂಟರಿನವರು ಕೂರುವುದಕ್ಕೆ ಕಟ್ಟಡ, ಕಟ್ಟಡ ಕಟ್ಟುವುದಕ್ಕೆ ಯಾದಗಿರಿ ಕಡೆಯ ಜನ, ಆ ಜನರ ಮೇಲೆ ಸಂಶೋಧನೆ ಮಾಡುವುದಕ್ಕೆ ಪ್ರೊಫೆಸರ್ ಚಂದ್ರಕಾಂತ. ಅವರು ವಿಶ್ವವಿದ್ಯಾಲಯದ ಆರೋಗ್ಯ ಮತ್ತು ಸಮಾಜ ಅಧ್ಯಯನ ಕೇಂದ್ರದ ಯಜಮಾನರು. ವಿಷಯ, ವಲಸೆ ಕೂಲಿಕಾರರ ಒಂಟಿತನ. ಊರು ಬಿಟ್ಟು ಬಂದವರು ಒಂಟಿತನದಿಂದ ಸೊರಗಿ ಹೋಗಿದ್ದಾರೆ ಎಂಬ ತೀರ್ಮಾನವನ್ನು ಅವರು ಮೊದಲೇ ಬರೆದು ಮುಗಿಸಿದ್ದರು. ಸೊರಗಿದವರು ಸಿಗುವುದೊಂದೇ ಬಾಕಿ.

ಅಂಥವರನ್ನು ಹುಡುಕಿ ತರುವ ಹಂಗಾಮಿ ನೌಕರ ಪರಮೇಶ, ಸೇಡಂ ಕಡೆಯವನು, ದಿಲ್‌ಸುಖ್‌ನಗರದಲ್ಲೊಂದು ಬಾಡಿಗೆ ಕೋಣೆ ಹಿಡಿದವನು. ಒಂಬತ್ತು ತಿಂಗಳು ಓಣಿ ಓಣಿ ಅಲೆದು ನೂರಾ ತೊಂಬತ್ತೊಂಬತ್ತು ನಮೂನೆ ತುಂಬಿಸಿದ್ದ. ಆ ಮುಂಜಾನೆ ಪ್ರೊಫೆಸರರು ಆ ಕಟ್ಟನ್ನು ಅವನ ಮುಂದೆ ಎತ್ತಿ ಹಾಕಿದರು.

"ಒಬ್ಬರಿಗೂ ಒಂಟಿತನ ಇಲ್ವಂತೆ! ಏನ್ರೀ, ಮದುವೆ ಮನೆಗೆ ಹೋಗಿ ಪ್ರಶ್ನೆ ಕೇಳಿದ್ರಾ? ನಾಳೆ ದೆಹಲಿಯ ಸಮ್ಮೇಳನದಲ್ಲಿ ನಾನೇನು ಓದ್ಲಿ? ಸಂಜೆ ಐದರೊಳಗೆ ಒಬ್ಬ ನಿಜವಾದ ಒಂಟಿ ಮನುಷ್ಯ ನನ್ನ ಮೇಜಿನ ಮೇಲೆ ಇರ್ಬೇಕು. ಇಲ್ದಿದ್ರೆ ನಿಮ್ಮ ನೌಕರಿ ಮುಂದುವರಿಸೋ ಕಾಗದಕ್ಕೆ ನಾನು ಸಹಿ ಹಾಕೋದಿಲ್ಲ."

ಪರಮೇಶನಿಗೆ ನಾಚಾರಂನ ಪಾರ್ವತೆಮ್ಮ ನೆನಪಾದಳು. ಗಂಡನಿಲ್ಲ, ಮಕ್ಕಳಿಲ್ಲ, ಮುಚ್ಚಿದ ಕಾರ್ಖಾನೆಯ ಗೋಡೆಗೆ ಆನಿಸಿ ಕಟ್ಟಿದ ತಗಡಿನ ಗುಡಿಸಲಿನಲ್ಲಿ ಒಬ್ಬಳೇ. ಈಕೆಯೂ ಒಂಟಿಯಲ್ಲದಿದ್ದರೆ ಲೋಕದಲ್ಲಿ ಇನ್ನಾರು ಎಂದುಕೊಂಡು, ಮನೆದೇವರು ಶರಣಬಸಪ್ಪನನ್ನು ನೆನೆದು, ನಾಷ್ಟಾ ಕೂಡ ಮಾಡದೆ ಬಸ್ಸು ಹತ್ತಿದ.

ಪಾರ್ವತೆಮ್ಮ ಬಾಗಿಲಲ್ಲೇ ಕೂತಿದ್ದಳು. ಪಕ್ಕದ ಮನೆಯ ಗುರುದೇವಿ ಹೊಸ್ತಿಲ ಮೇಲೆ ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು.

"ಪಾರ್ವತೆಮ್ಮಾರ, ನಿಮಗ ವಯಸ್ಸೆಷ್ಟರಿ?"

"ಅರವತ್ತೆರಡು," ಎಂದಳು ಗುರುದೇವಿ.

"ಮೈಯಾಗ ಏನರ ತ್ರಾಸ?"

"ಬಲ ಮೊಣಕಾಲು. ಥಂಡಿ ದಿನದಾಗ ಭಾಳ," ಎಂದಳು ಮತ್ತೆ ಗುರುದೇವಿ.

"ಯಕ್ಕಾ, ಅವರಿಗೇ ಹೇಳಾಕ ಬಿಡ್ರಿ."

"ಅಕಿ ಮರೀತಾಳ್ರಿ. ಎಣ್ಣಿ ತಿಕ್ಕಾಕಿ ನಾನು. ಆ ಕಾಲಿನ ಸುದ್ದಿ ನನಗಿಂತ ಅಕಿಗೇನ ಹೆಚ್ಚಿಗಿ ಗೊತ್ತು?"

ಪರಮೇಶನಿಗೆ ಆ ಅಚ್ಚಾದ ಸಾಲು ನೆನಪಾಯಿತು. ಕೈಮುಗಿದು ಗುರುದೇವಿಯನ್ನು ಹೊರಗೆ ಕಳಿಸಿದ. ಪಾರ್ವತೆಮ್ಮನನ್ನು ಒಳಗೆ ಕೂರಿಸಿ ತಗಡಿನ ಬಾಗಿಲು ಮುಚ್ಚಿದ. ಅವನೂ ಹಳ್ಳಿಯವನೇ, ಅವನಿಗಾದರೂ ತಿಳಿಯಬೇಕಿತ್ತು. ಆ ಓಣಿಯಲ್ಲಿ ಹಾಡುಹಗಲೇ ಬಾಗಿಲು ಮುಚ್ಚಿತೆಂದರೆ ಒಳಗೊಂದು ಜೀವ ಹೋಗುತ್ತಿದೆ ಎಂದೇ ಅರ್ಥ.

"ನನ್ನ ನೌಕರಿ ನಿಮ್ಮ ಕೈಯಾಗ ಐತ್ರಿ," ಎಂದು ಅವನು ಪಿಸುಗುಟ್ಟುವಷ್ಟರಲ್ಲಿ ಹೊರಗೆ ಗುರುದೇವಿಯ ದನಿ ಕಾರ್ಖಾನೆಯ ಭೋಂಗಾದಂತೆ ಮೊಳಗಿತು.

"ಏ ಸಂಗಣ್ಣಾ, ಏಳೋ! ದವಾಖಾನಿಯವ ಬಂದು ಕದ ಹಾಕ್ಯಾನ! ಪಾರ್ವತೆಮ್ಮಗ ಏನೋ ಆಗೈತಿ!"

ಮೇಸ್ತ್ರಿ ಸಂಗಣ್ಣ ರಾತ್ರಿಯೆಲ್ಲ ಸ್ಲ್ಯಾಬ್ ಹಾಕಿಸಿ ಬಂದು ಆಗ ತಾನೇ ಮಲಗಿದ್ದ. ತನ್ನ ಹತ್ತು ಆಳುಗಳೊಂದಿಗೆ ಎದ್ದು ಓಡಿ ಬಂದ. ಬಾಗಿಲು ಬಡಿಯುವ ಗೋಜಿಗೆ ಹೋಗದೆ ಅದನ್ನೇ ಹಪ್ಪಳದಂತೆ ಎತ್ತಿ ಪಕ್ಕಕ್ಕಿಟ್ಟ.

"ಏನ್ ರೋಗರೀ ಸಾಹೇಬ್ರ? ಮುಚ್ಚಿಡಬ್ಯಾಡ್ರಿ. ದೊಡ್ಡ ದವಾಖಾನಿಗೆ ಒಯ್ಯೂಣೇನು?"

"ರೋಗಿಲ್ಲ ಏನಿಲ್ಲರಿ," ಎಂದ ಪರಮೇಶ ಬೆವರೊರೆಸುತ್ತ. "ಇವರಿಗೆ ಯಾರೂ ಇಲ್ಲ ಅಂತ ಬರಕೊಂಡು ಹೋಗಾಕ ಬಂದೀನಿ, ಅಷ್ಟ."

ಗುರುದೇವಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಯಾರೂ ಇಲ್ಲ? ಮುಂಜಾನಿ ರೊಟ್ಟಿ ಕೊಟ್ಟಾಕಿ ನಾನೇನ್ ದೆವ್ವೇನು?"

"ಪಲ್ಯ ಕೊಟ್ಟಾಕಿ ನಾನವಾ!" ಎಂದು ಹಿಂದಿನಿಂದ ಇನ್ನೊಬ್ಬಳು ಕೂಗಿದಳು.

"ಸುಮ್ನಿರ. ನಿನ್ನ ಪಲ್ಯ ತಿಂದ ಮ್ಯಾಲೇ ಅಕಿಗೆ ಯಾರೂ ಇಲ್ಲ ಅನಿಸಿದ್ದು!" ಎಂದಳು ಗುರುದೇವಿ.

"ಜ್ವರ ಬಂದಾಗ ಹೆಗಲ ಮ್ಯಾಲೆ ಹೊತ್ತು ಒಯ್ದಾಂವ ನಾನು. ನನ್ನ ಹೆಸರು ಮೊದಲ ಬರೀರಿ," ಎಂದು ಸಂಗಣ್ಣ ನಮೂನೆಯ ಮೇಲೆ ಬೆರಳೂರಿದ. ಸಿಮೆಂಟಿನ ಗುರುತು ಮೂಡಿತು.

ಪಾರ್ವತೆಮ್ಮನಿಗೆ ಪರಮೇಶನ ಮೋರೆ ನೋಡಿ ಕರುಳು ಚುರುಕ್ ಎಂದಿತು. "ಹೋಗ್ಲಿ ಬಿಡ್ರೆ, ಪಾಪ, ನೌಕರಿ ಹೋಗತೈತಂತ. ತಮ್ಮಾ, ನನಗ ಯಾರೂ ಇಲ್ಲಂತ ಬರ್ಕೋ. ಶಿವ ನೋಡ್ಕೋತಾನ."

ಇದನ್ನು ಕೇಳಿದ್ದೇ ಗುರುದೇವಿ ನೆಲಕ್ಕೆ ಕುಸಿದು, ಹೆಣದ ಮುಂದೆ ಅಳುವಂತೆ ರಾಗ ತೆಗೆದಳು. "ಕೇಳ್ರೆವಾ! ಹನ್ನೊಂದು ವರ್ಷ ಎಣ್ಣಿ ತಿಕ್ಕಿದ ಕೈಗೆ ಇಕಿ ಕೊಟ್ಟ ಹೆಸರು ಕೇಳ್ರಿ! ಇವತ್ತಿಗೆ ನಿಂದೂ ನಂದೂ ಮುಗೀತು!"

"ಇಲ್ಲs ಗುರುದೇವಿ! ಹುಡುಗನ ಸಲುವಾಗಿ ಸುಳ್ಳ ಹೇಳಿದ್ನೇ! ತಮ್ಮಾ, ಹೊಡದ ಹಾಕು, ಜಲ್ದಿ ಹೊಡದ ಹಾಕು ಅದನ್ನ!"

ಪರಮೇಶ ಬರೆದದ್ದನ್ನು ಹೊಡೆದು ಹಾಕಿದ. ಖಾಲಿ ಹೊಟ್ಟೆ, ಕಾದ ತಗಡು, ಹೋಗಲಿರುವ ನೌಕರಿ, ಮೂರೂ ಒಟ್ಟಿಗೆ ತಲೆಗೇರಿದವು. ಕಣ್ಣು ಕತ್ತಲಿಟ್ಟು, ಒದ್ದೆಯಾದ ಸಿಮೆಂಟ್ ಚೀಲದಂತೆ ಸಂಗಣ್ಣನ ಮೇಲೆ ಒರಗಿದ.

ಕಣ್ಣು ಬಿಟ್ಟಾಗ ಕೌದಿಯ ಮೇಲೆ ಮಲಗಿದ್ದ. ಜಗಳ ಎಲ್ಲಿ ಹೋಯಿತೋ, ಓಣಿಗೆ ಓಣಿಯೇ ಅವನ ಸುತ್ತ ಕೂತಿತ್ತು. ಪಾರ್ವತೆಮ್ಮ ರೊಟ್ಟಿ ಮುರಿದು ಮೊಸರಿನಲ್ಲಿ ಅದ್ದಿ ತಿನ್ನಿಸಿದಳು. ಏಳನೆಯ ಇಯತ್ತೆ ಓದಿದ್ದ ಗುರುದೇವಿ ಅವನ ಒಂದು ಖಾಲಿ ನಮೂನೆಯನ್ನೇ ಬೀಸಣಿಗೆ ಮಾಡಿ ಗಾಳಿ ಬೀಸುತ್ತಿದ್ದವಳು, ಬೀಸುವುದನ್ನು ನಿಲ್ಲಿಸಿ ಅದನ್ನು ಓದತೊಡಗಿದಳು.

"ಜ್ವರ ಬಂದಾಗ ನಿಮ್ಮನ್ನ ಯಾರು ನೋಡ್ಕೋತಾರ? ಹೇಳ್ರಿ, ಈಗ ನಾ ಕೇಳತೀನಿ."

"ಹ್ವಾದ ತಿಂಗಳ ಬಂದಿತ್ರಿ, ಮೂರ ದಿನ. ಯಾರಿಗೂ ಗೊತ್ತಾಗಲಿಲ್ಲ. ಮನಿ ಮಾಲಕ ಒಮ್ಮೆ ಕದ ಬಡದಾ, ನಳ ಬಂದ್ ಮಾಡು ಅಂತ."

"ಈ ವಾರ ಯಾರ ಜೋಡಿ ಕುಂತು ಉಂಡ್ರಿ?"

"ಗ್ವಾಡಿ ಜೋಡಿ."

"ಬಾಜೂ ಮನಿಯವರ ಹೆಸರು?"

"ಗೊತ್ತಿಲ್ಲರಿ. ಅವರ ಬೂಟು ನೋಡೀನಿ."

ಕೇಳುತ್ತ ಕೇಳುತ್ತ ಗುರುದೇವಿಯ ದನಿ ಇಳಿಯಿತು. ಉತ್ತರಗಳನ್ನೆಲ್ಲ ದಪ್ಪ ಅಕ್ಷರದಲ್ಲಿ ಬರೆದಳು. "ಅಯ್ಯ ಶಿವನೇ," ಎಂದಳು ಪಾರ್ವತೆಮ್ಮ, "ದಿಲ್‌ಸುಖ್‌ನಗರದಾಗ ಅಷ್ಟೊಂದು ಮಂದಿ ಅದಾರಂತ, ಅವರೆಲ್ಲಾ ಏನ್ ಮಾಡಾಕತ್ತಾರ? ದಿನಾ ಸಂಜಿಮುಂದ ಇಲ್ಲಿಗೆ ಬಾ ತಮ್ಮಾ. ಒಂದು ರೊಟ್ಟಿ ಹೆಚ್ಚಿಗಿ ಬಡಿತೀನಿ."

ಬಸ್ಸಿನಲ್ಲಿ ಪರಮೇಶ ಆ ನಮೂನೆಯನ್ನು ನಾಲ್ಕು ಸಲ ಓದಿದ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ದೈವಭಯ ಇದ್ದವನು, ಬೇರೆಯವರ ಹೆಸರು ಹಾಕುವ ಮನಸ್ಸಾಗದೆ ಕೊನೆಯ ಪುಟದಲ್ಲಿ ತನ್ನ ಹೆಸರನ್ನೇ ಬರೆದ. ಐದಕ್ಕೆ ಐದು ನಿಮಿಷ ಇರುವಾಗ ಮೇಜಿನ ಮೇಲಿಟ್ಟ.

ಪ್ರೊಫೆಸರರು ಓದುತ್ತ ಹೋದಂತೆ ಅವರ ಮುಖ ಹಬ್ಬದ ಮನೆಯಾಯಿತು. "ಗೋಡೆ ಜೊತೆ ಊಟ! ಬೂಟು ನೋಡಿದ್ದಾನೆ! ಆಹಾ, ಇವನಿಗಾಗಿ ಒಂಬತ್ತು ತಿಂಗಳು ಕಾದೆನಲ್ರೀ! ಎಲ್ಲಿ ಸಿಕ್ಕಿದ ಈ ದುರ್ದೈವಿ?" ಎನ್ನುತ್ತ ಕೊನೆಯ ಪುಟ ತಿರುವಿದರು. ಹೆಸರು ಓದಿದರು. ಆ ಒಂಬತ್ತು ತಿಂಗಳಲ್ಲಿ ಮೊದಲ ಬಾರಿಗೆ ಪರಮೇಶನ ಮುಖ ನೋಡಿದರು.

"ನೀವೇನಾ?"

"ಹೌದ್ರಿ ಸರ್. ಖರೇನ ಹೇಳೀನಿ. ನಾಚಾರಂ ಓಣಿಯವರು ಕೇಳಿ ಬರಕೊಂಡಾರ, ದಿನಾ ಉಣ್ಣಾಕ ಬಾ ಅಂದಾರ."

ಅವರು ಎದ್ದು ಬಂದು ಕೈ ಕುಲುಕಿದರು. ಕುರ್ಚಿ ಕೊಟ್ಟರು, ಚಹಾ ತರಿಸಿದರು. ನೌಕರಿ ಉಳಿಯಿತೆಂದು ಪರಮೇಶ ಉಸಿರು ಬಿಟ್ಟ. ಆಗ ಪ್ರೊಫೆಸರರು ಅವನ ನೌಕರಿ ಮುಂದುವರಿಸುವ ಕಾಗದವನ್ನು ಹೊರತೆಗೆದು, ಬಹಳ ಅಕ್ಕರೆಯಿಂದ ನಾಲ್ಕು ತುಂಡು ಮಾಡಿದರು.

"ಸರ್!"

"ನೋಡಿ ಪರಮೇಶ್, ಸಂಶೋಧನೆಗೆ ಸಿಕ್ಕಿದವರು ಸಂಶೋಧನೆ ಮಾಡೋ ಹಾಗಿಲ್ಲ. ನಿಮ್ಮನ್ನ ನಾವು ಐದು ವರ್ಷ ಗಮನಿಸ್ಬೇಕು."

"ನೌಕರಿ ಇಲ್ದ ನಾ ಏನ್ ಮಾಡ್ಲಿರಿ?"

"ಏನೂ ಮಾಡ್ಬೇಡಿ! ನೌಕರಿ ಇದ್ರೆ ನಾಲ್ಕು ಜನರ ಹತ್ತಿರ ಮಾತಾಡ್ತೀರಿ, ಒಂಟಿತನ ಕೆಟ್ಟು ಹೋಗುತ್ತೆ. ಆ ನಾಚಾರಂ ಕಡೆ ಅಂತೂ ತಲೆ ಹಾಕ್ಬೇಡಿ. ಆ ಜನ ಸರಿಯಿಲ್ಲ." ಪೆನ್ನಿನ ಮುಚ್ಚಳ ತೆಗೆದರು. "ಇದೊಂದು ಬಿಟ್ಟು ಹೋಗಿದೆ. ಮದುವೆ?"

"ಹೆಣ್ಣು ಗೊತ್ತಾಗೈತ್ರಿ ಸರ್. ಈ ನೌಕರಿ ಮುಂದುವರದ್ರ ಕೊಡತೀವಿ ಅಂದಾರ."

ಪ್ರೊಫೆಸರರ ಮುಖದ ಮೇಲೆ ದೊಡ್ಡದೊಂದು ನೆಮ್ಮದಿ ಹರಡಿತು. ಆ ಸಾಲಿನ ಮುಂದೆ ದುಂಡಗೆ 'ಇಲ್ಲ' ಎಂದು ಬರೆದು, ಶಾಯಿ ಆರಲೆಂದು ಮೆಲ್ಲಗೆ ಊದಿದರು.